ಕೀವಲ್ಲದ ಬಿಳುಪು

1845ರ ಮಾರ್ಚ್ 19ರಂದು ಎಡಿನ್‌ಬರೋ ನಗರದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ 28 ವರ್ಷದ ಒಬ್ಬ ಕೆಲಸಗಾರನ ಶವಪರೀಕ್ಷೆ ನಡೆಯಿತು. ಮನೆಗಳ ಮಾಡಿಗೆ ಕಲ್ಲಿನ ಹಲಗೆ ಹೊದಿಸುವುದು ಅವನ ಕಸುಬು. ಗಟ್ಟಿಮುಟ್ಟಾಗಿದ್ದವನಿಗೆ ಸುಮಾರು 20 ತಿಂಗಳ ಹಿಂದೆ ಆಯಾಸ ಶುರುವಾಗಿತ್ತು. ಹೊಟ್ಟೆಯ ಎಡಗಡೆ ಒಂದು ಗಡ್ಡೆ ಕೈಗೆ ಸಿಗತೊಡಗಿತ್ತು. ಫೆಬ್ರವರಿ ಕೊನೆಗೆ ಆಸ್ಪತ್ರೆ ಸೇರಿ ಮಾರ್ಚ್ 15ಕ್ಕೆ ತೀರಿಹೋದ. ಹೊಟ್ಟೆ ತೆರೆದಾಗ ಆ ಗಡ್ಡೆ ಗುಲ್ಮವೆಂದು ಗೊತ್ತಾಯಿತು. ಆರೋಗ್ಯವಂತರಲ್ಲಿ 150 ಗ್ರಾಂ ಆಸುಪಾಸು ತೂಗುವ ಅಂಗ ಅವನಲ್ಲಿ ಮೂರೂವರೆ ಕಿಲೋ ಆಗಿತ್ತು.

ಶವಪರೀಕ್ಷೆ ಮಾಡಿದವರು ಜಾನ್ ಹ್ಯೂಸ್ ಬೆನೆಟ್. ವಯಸ್ಸು 32. ಪ್ಯಾರಿಸ್ಸಿನಲ್ಲಿ ಸೂಕ್ಷ್ಮದರ್ಶಕ ಹಿಡಿಯಲು ಕಲಿತು ಬಂದು, ಎಡಿನ್‌ಬರೋದ ವೈದ್ಯ ವಿದ್ಯಾರ್ಥಿಗಳಿಗೆ ಅದನ್ನೇ ಹೇಳಿಕೊಡುತ್ತಿದ್ದರು. ಹಿರಿಯ ವೈದ್ಯರಲ್ಲಿ ಅನೇಕರಿಗೆ ಆ ಯಂತ್ರದ ಬಗ್ಗೆ ಇನ್ನೂ ಅನುಮಾನವಿದ್ದ ಕಾಲ ಅದು. ಬೆನೆಟ್ ರಕ್ತನಾಳಗಳಿಂದ ರಕ್ತ ತೆಗೆದು ಮಸೂರದ ಕೆಳಗಿಟ್ಟರು. ಕೆಂಪು ಕಣಗಳಿದ್ದವು, ಆದರೆ ಅವುಗಳ ನಡುವೆ ಎಲ್ಲೆಲ್ಲೂ ಬಣ್ಣವಿಲ್ಲದ ದೊಡ್ಡ ಕಣಗಳು. ಅಸಿಟಿಕ್ ಆಮ್ಲದ ಹನಿ ಬಿದ್ದೊಡನೆ ಆ ಕಣಗಳ ಒಳಗಿನ ಬೀಜಕೇಂದ್ರ ಎದ್ದು ಕಂಡಿತು. ಬೆನೆಟ್‌ಗೆ ಇದು ಅಪರಿಚಿತ ನೋಟವೇನೂ ಅಲ್ಲ. ಕುರುವಿನ ಕೀವನ್ನು ಹೀಗೆಯೇ ನೋಡಿದರೆ ಇದೇ ಕಾಣುತ್ತದೆ.

ಹಾಗಾದರೆ ಕೀವು ಬಂದದ್ದು ಎಲ್ಲಿಂದ? ದೇಹದೊಳಗೆ ಎಲ್ಲೋ ಒಂದು ಹುಣ್ಣು, ಒಂದು ಬಾವು ಇರಲೇಬೇಕು. ಹುಡುಕಿದರು, ಸಿಗಲಿಲ್ಲ. ಕೊನೆಗೆ ಅವರು ಬಂದ ತೀರ್ಮಾನ ಧೈರ್ಯದ್ದು: ಹುಣ್ಣಿಲ್ಲದೆಯೇ, ರಕ್ತನಾಳಗಳ ಒಳಗೇ, ರಕ್ತವೇ ಕೀವಾಗಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಎಡಿನ್‌ಬರೋದ ವೈದ್ಯಪತ್ರಿಕೆಯಲ್ಲಿ ಅಚ್ಚಾದ ಅವರ ಲೇಖನದ ಶೀರ್ಷಿಕೆಯಲ್ಲೇ ರಕ್ತ ಕೀವುಗಟ್ಟಿ ಸಾವು ಬಂತೆಂಬ ಮಾತಿದೆ. ಅದೇ ಸಂಚಿಕೆಯಲ್ಲಿ ಅವರ ಹಿರಿಯ ಸಹೋದ್ಯೋಗಿ ಡೇವಿಡ್ ಕ್ರೇಗಿ, 1841ರಲ್ಲಿ ಅದೇ ಆಸ್ಪತ್ರೆಯಲ್ಲಿ ತಾವು ಕಂಡಿದ್ದ ಇಂಥದ್ದೇ ಒಬ್ಬ ರೋಗಿಯ ವಿವರವನ್ನೂ ಪ್ರಕಟಿಸಿದರು. ನಾಲ್ಕು ವರ್ಷ ಅರ್ಥವಾಗದೆ ಉಳಿದಿದ್ದ ಪ್ರಕರಣಕ್ಕೆ ಈಗ ಜೋಡಿ ಸಿಕ್ಕಿತ್ತು.

ಇವರಿಬ್ಬರಿಗಿಂತ ಮುಂಚೆಯೇ ಈ ರಕ್ತವನ್ನು ನೋಡಿದವರಿದ್ದರು. ಪ್ಯಾರಿಸ್ಸಿನ ಶಸ್ತ್ರವೈದ್ಯ ವೆಲ್ಪೋ 1827ರಲ್ಲಿ ವರ್ಣಿಸಿದ ರೋಗಿ ಹೂವು, ನಿಂಬೆ ಪಾನಕ ಮಾರುತ್ತಿದ್ದ 63 ವರ್ಷದ ಮನುಷ್ಯ. ಅವನ ರಕ್ತ ಗಂಜಿಯಂತೆ ಮಂದವಾಗಿತ್ತು, ಬಣ್ಣ ಕೆಂಪು ದ್ರಾಕ್ಷಾರಸದ ಗಷ್ಟಿನಂತಿತ್ತು ಎಂದು ಅವರು ಬರೆದಿಟ್ಟರು. ಇದು ಕೀವೋ ಅಲ್ಲವೋ ಎಂಬ ಸಂದೇಹವನ್ನು ಅವರೂ ಎತ್ತಿದ್ದರು. ಪ್ಯಾರಿಸ್ಸಿನವರೇ ಆದ ಆಲ್ಫ್ರೆಡ್ ದೊನ್ನೆ 1844ರ ತಮ್ಮ ಸೂಕ್ಷ್ಮದರ್ಶಕ ಪಾಠಗಳ ಪುಸ್ತಕದಲ್ಲಿ ಬಿಳಿಕಣಗಳೇ ತುಂಬಿಕೊಂಡ ರಕ್ತದ ಮಾತೆತ್ತಿ, ಒಂದು ವಿಚಿತ್ರ ಊಹೆ ಮುಂದಿಟ್ಟರು. ಬಿಳಿಕಣಗಳು ಮಾಗಿ ಕೆಂಪುಕಣಗಳಾಗುತ್ತವೆ. ಈ ರೋಗಿಗಳಲ್ಲಿ ಅವು ಮಾಗದೆ ನಿಂತುಬಿಟ್ಟಿವೆ ಎಂದು. ಬಿಳಿ ಕೆಂಪಾಗುತ್ತದೆ ಎಂಬ ಮೊದಲರ್ಧ ತಪ್ಪು. ಮಾಗದೆ ನಿಂತ ಕಣಗಳು ಎಂಬ ಉಳಿದರ್ಧವನ್ನು ಈಗಿನ ಯಾವ ರಕ್ತತಜ್ಞರೂ ಅಲ್ಲಗಳೆಯುವುದಿಲ್ಲ.

ಬೆನೆಟ್‌ರ ಲೇಖನ ಅಚ್ಚಾಗುವ ಎರಡು ತಿಂಗಳು ಮುಂಚೆ, ಆಗಸ್ಟ್ 1ರಂದು, ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ ಇನ್ನೊಂದು ಶವಪರೀಕ್ಷೆ ನಡೆಯಿತು. ಐವತ್ತರ ಆಸುಪಾಸಿನ ಅಡುಗೆ ಕೆಲಸದ ಹೆಂಗಸು. ಮಾರ್ಚಿನಲ್ಲಿ ಕಾಲು, ಹೊಟ್ಟೆ ಊದಿಕೊಂಡು ಸೇರಿದ್ದವಳು, ಬೇಸಗೆಯಲ್ಲಿ ಮೂಗಿನಿಂದ ರಕ್ತ ಸುರಿದು ಕೃಶವಾಗಿ ಜುಲೈ ಕೊನೆಗೆ ಸತ್ತಳು. ಅವಳ ಗುಲ್ಮವೂ ವಿಪರೀತ ಬೆಳೆದಿತ್ತು. ರಕ್ತನಾಳಗಳಲ್ಲಿದ್ದದ್ದು ಹಳದಿಬಿಳಿ, ಹಸಿರಿಗೆ ತಿರುಗುವ ಹೆಪ್ಪು. ಶವಪರೀಕ್ಷೆ ಮಾಡಿದ ರುಡಾಲ್ಫ್ ಫಿರ್ಕೋಗೆ ಇನ್ನೂ 24 ತುಂಬಿರಲಿಲ್ಲ.

ಫಿರ್ಕೋ ನೋಡಿದ್ದು ಬೆನೆಟ್ ನೋಡಿದ್ದನ್ನೇ. ಅದೇ ಬಣ್ಣವಿಲ್ಲದ ಕಣಗಳು, ಅದೇ ಬೀಜಕೇಂದ್ರ. ಆದರೆ ಅವರು ಕೇಳಿಕೊಂಡ ಪ್ರಶ್ನೆ ಬೇರೆ. ಈ ಕಣಗಳು ಆರೋಗ್ಯವಂತರ ರಕ್ತದಲ್ಲೂ ಇವೆಯಲ್ಲ? ಇವೆ. ನೂರಾರು ಕೆಂಪು ಕಣಗಳಿಗೆ ಒಂದರಂತೆ ಎಲ್ಲರಲ್ಲೂ ಇವೆ. ಹಾಗಿದ್ದರೆ ಇಲ್ಲಿ ಹೊಸ ವಸ್ತುವೇನೂ ಬಂದು ಸೇರಿಲ್ಲ. ಇದ್ದದ್ದರ ಪ್ರಮಾಣ ತಲೆಕೆಳಗಾಗಿದೆ. ಕೀವು ಎಂದೊಡನೆ ಹೊರಗಿನಿಂದ ನುಗ್ಗಿದ ಕೊಳಕು ಎಂದಾಯಿತು. ಹಾಗೆ ಹೇಳಲು ತಮ್ಮ ಬಳಿ ಪುರಾವೆ ಇಲ್ಲ. ನವೆಂಬರಿನಲ್ಲಿ ಅಚ್ಚಾದ ಅವರ ಪುಟ್ಟ ಲೇಖನಕ್ಕೆ ಕೊಟ್ಟ ಹೆಸರು ಸಾದಾ ಜರ್ಮನ್ ಮಾತಿನಲ್ಲಿ ಬಿಳಿ ರಕ್ತ. ಕಾರಣದ ಬಗ್ಗೆ ಮಾತಿಲ್ಲ, ಕಂಡದ್ದಷ್ಟೇ.

ನನ್ನ ಮಟ್ಟಿಗೆ ಈ ರೋಗ ಪತ್ತೆಯಾದದ್ದು ಆ ಸಂಯಮದಲ್ಲಿ. ನೋಡಿದವರಲ್ಲಿ ಬೆನೆಟ್ ಮುಂದು, ಅದನ್ನು ಯಾರೂ ಕಸಿಯಲಾಗದು. ಆದರೆ ಬೆನೆಟ್ ತಾವು ನೋಡಿದ್ದನ್ನು ಆಗಲೇ ಗೊತ್ತಿದ್ದ ರೋಗವೊಂದರ ಬುಟ್ಟಿಗೆ ಹಾಕಿಬಿಟ್ಟರು. ಇದು ಆ ಬುಟ್ಟಿಯದಲ್ಲ ಎಂದು ಹೊರಗಿಟ್ಟವರು ಫಿರ್ಕೋ.

ಆ ಬುಟ್ಟಿಗೆ ಒಂದು ಗ್ರೀಕ್ ಹೆಸರಿತ್ತು. ರಕ್ತಕ್ಕೆ ಗ್ರೀಕರ ಮಾತು ಹೈಮ. ಅದು ಪದದ ಮೊದಲಿಗೆ ಬಂದರೆ ಹಿಮೋಗ್ಲೋಬಿನ್, ಕೊನೆಗೆ ಬಂದರೆ ಅನೀಮಿಯಾ. 19ನೆಯ ಶತಮಾನದ ಮೊದಲ ಅರ್ಧದಲ್ಲಿ ಈ ಬಾಲವನ್ನು ರೋಗಗಳಿಗೆ ಅಂಟಿಸುವ ಚಟ ಯೂರೋಪಿನ ವೈದ್ಯರಿಗೆ ಹತ್ತಿತ್ತು. ಪ್ಯಾರಿಸ್ಸಿನ ಪಿಯೊರ್ರಿ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದು. ಮೂತ್ರದ ವಿಷ ರಕ್ತಕ್ಕೆ ಸೇರಿದರೆ ಯುರೀಮಿಯಾ, ಕೊಳೆತದ್ದು ಸೇರಿದರೆ ಸೆಪ್ಟಿಸೀಮಿಯಾ, ಕೀವು ಸೇರಿದರೆ ಪಯೀಮಿಯಾ. ಮೂರೂ ಪದ ಒಂದೇ ಕತೆ ಹೇಳುತ್ತವೆ: ಏನೋ ಒಂದು ಕೆಟ್ಟದ್ದು ರಕ್ತದೊಳಕ್ಕೆ ಇಳಿದಿದೆ. ಬೆನೆಟ್ ಸಿಕ್ಕಿಬಿದ್ದದ್ದು ಈ ಕತೆಯಲ್ಲೇ.

ಎರಡು ವರ್ಷ ಕಳೆದ ಮೇಲೆ, 1847ರಲ್ಲಿ, ಫಿರ್ಕೋ ತಮ್ಮ ಬಿಳಿ ರಕ್ತವನ್ನು ಗ್ರೀಕಿಗೆ ತಿರುಗಿಸಿದರು. ಲ್ಯೂಕೋಸ್ ಎಂದರೆ ಬಿಳಿ, ಜೊತೆಗೆ ಅದೇ ಹೈಮ. ಲ್ಯುಕೇಮಿಯಾ. ಬಾಲ ಪಯೀಮಿಯಾದ್ದೇ, ತಲೆ ಮಾತ್ರ ಬದಲು. ಬಾಲ ಒಂದೇ ಆದರೂ ಕತೆ ಒಂದೇ ಅಲ್ಲ; ಬಿಳುಪು ಎಂಬುದು ರಕ್ತಕ್ಕೆ ಇಳಿದ ವಸ್ತುವಲ್ಲ, ರಕ್ತದ್ದೇ ಸ್ಥಿತಿ. ಗ್ರೀಕ್ ಆದ್ದರಿಂದ ಹೆಸರು ಬರ್ಲಿನ್ನಿನಿಂದ ಲಂಡನ್ನಿಗೂ ಪ್ಯಾರಿಸ್ಸಿಗೂ ತಿದ್ದುಪಡಿಯಿಲ್ಲದೆ ಹೋಯಿತು. ಮುಂದೆ ಥ್ರಾಂಬೋಸಿಸ್, ಎಂಬಾಲಿಸಂ ಎಂಬ ಮಾತುಗಳನ್ನು ವೈದ್ಯರ ನಾಲಗೆಗೆ ತಂದವರೂ ಈ ಫಿರ್ಕೋ ಅವರೇ. ಹೆಸರಿಡುವುದರಲ್ಲಿ ಅವರ ಕೈ ಪಳಗಿದ್ದು. ಎಲ್ಲರದ್ದೂ ಹಾಗಿರಲಿಲ್ಲ. 1828ರಲ್ಲಿ ಬಳಕೆಗೆ ಬಂದ ಹಿಮೋಫೀಲಿಯಾ ಪದವನ್ನು ಬಿಡಿಸಿ ನೋಡಿ: ರಕ್ತಪ್ರೀತಿ! ಚಿಕ್ಕ ಗಾಯಕ್ಕೂ ರಕ್ತ ನಿಲ್ಲದೆ ಒದ್ದಾಡುವವರ ರೋಗಕ್ಕೆ ಆ ಹೆಸರಿಟ್ಟವರನ್ನು ಹುಡುಕಿ ಎರಡು ಮಾತು ಕೇಳಬೇಕೆನಿಸುತ್ತದೆ.

ಬೆನೆಟ್ ಸುಮ್ಮನೆ ಕೂರುವ ಪೈಕಿಯಲ್ಲ, ನಾಲಗೆ ಹರಿತ. ಮೊದಲು ಕಂಡವನು ನಾನು ಎಂಬುದು ಅವರ ಒಂದು ತಕರಾರು. ಹೆಸರೇ ತಪ್ಪು ಎಂಬುದು ಇನ್ನೊಂದು. ರಕ್ತ ಎಲ್ಲಿ ಬಿಳಿಯಾಗಿದೆ? ಬದುಕಿರುವ ರೋಗಿಯ ಬೆರಳು ಚುಚ್ಚಿದರೆ ಬರುವುದು ಕೆಂಪು ಹನಿಯೇ. ಹೆಚ್ಚಿರುವುದು ಬಿಳಿಯ ಕಣಗಳು. ಆದ್ದರಿಂದ 1852ರಲ್ಲಿ ಅವರು ಬರೆದ ಪುಸ್ತಕ ರೋಗವನ್ನು ಕರೆಯುವುದು ಲ್ಯೂಕೋಸೈಥೇಮಿಯಾ ಎಂದು, ಅಂದರೆ ಬಿಳಿಕಣದ ರಕ್ತ. ನಡುವೆ ಸೇರಿಕೊಂಡದ್ದು ಕ್ಯೂಟೋಸ್, ಗ್ರೀಕಿನಲ್ಲಿ ಟೊಳ್ಳು ಪಾತ್ರೆ. ಜೀವಕೋಶಕ್ಕೆ ವೈದ್ಯರು ಒಗ್ಗಿಸಿಕೊಂಡ ಮಾತು ಅದು. ಲ್ಯೂಕೋಸೈಟ್, ಎರಿಥ್ರೋಸೈಟ್‌ಗಳಲ್ಲಿ ಈಗಲೂ ಇದೆ. ಕರಾರುವಾಕ್ಕಾಗಿ ನೋಡಿದರೆ ಬೆನೆಟ್ ಹೇಳಿದ್ದೇ ಸರಿ. ಆದರೆ ಆರು ಅಕ್ಷರದ ಹೆಸರನ್ನು ಯಾರು ದಿನವೂ ಉಚ್ಚರಿಸುತ್ತಾರೆ? ಫಿರ್ಕೋ ಪದ ನಿಂತಿತು, ಬೆನೆಟ್ ಪದ ಹಳೆಯ ನಿಘಂಟು ಸೇರಿತು. ಮುಂದೆ ಬಿಳಿಕಣಗಳ ಎಣಿಕೆ ಹೆಚ್ಚದೆಯೇ ಬರುವ ಲ್ಯುಕೇಮಿಯಾಗಳೂ ಕಂಡುಬಂದು, ಅವಕ್ಕೆ ಏಲ್ಯುಕೇಮಿಕ್ ಲ್ಯುಕೇಮಿಯಾ, ಅಂದರೆ ಬಿಳಿಯಾಗದ ಬಿಳಿರಕ್ತ, ಎಂಬ ವಿಪರೀತದ ಹೆಸರನ್ನೂ ಇಡಬೇಕಾಯಿತು. ಬೆನೆಟ್ 1875ರಲ್ಲಿ ತೀರಿಹೋಗಿದ್ದರು, ಇಲ್ಲದಿದ್ದರೆ ಖುಷಿಪಡುತ್ತಿದ್ದರೇನೋ.

ಅವರಿಗೆ ಇನ್ನೊಂದು ನ್ಯಾಯ ಸಲ್ಲಬೇಕು. ನ್ಯುಮೋನಿಯಾ ರೋಗಿಗಳ ರಕ್ತ ಬಸಿಯುವ ಹಳೆಯ ಪದ್ಧತಿಯನ್ನು ಎಡಿನ್‌ಬರೋದಲ್ಲಿ ಎದುರು ಹಾಕಿಕೊಂಡು, ಬಸಿಯದಿದ್ದರೇ ಹೆಚ್ಚು ಜನ ಉಳಿಯುತ್ತಾರೆಂದು ತಮ್ಮ ವಾರ್ಡಿನ ಲೆಕ್ಕ ಮುಂದಿಟ್ಟು ವಾದಿಸಿದವರು ಅವರು. ಕೀವಿನ ವಿಷಯದಲ್ಲೂ ಅವರ ಕಣ್ಣು ಸುಳ್ಳು ಹೇಳಿರಲಿಲ್ಲ. 1867ರಲ್ಲಿ ಫಿರ್ಕೋ ಶಿಷ್ಯರಾದ ಯೂಲಿಯಸ್ ಕೋನ್‌ಹೈಮ್ ಬದುಕಿರುವ ಕಪ್ಪೆಯ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಕಾದು ಕೂತರು. ಉರಿಯೂತ ಶುರುವಾದಂತೆ ನಾಳದೊಳಗಿನ ಬಿಳಿಕಣಗಳು ಗೋಡೆಗೆ ಅಂಟಿಕೊಂಡವು, ನಿಧಾನಕ್ಕೆ ಗೋಡೆಯಲ್ಲೇ ನುಸುಳಿ ಆಚೆ ಬಂದವು. ಕೀವಿನ ಕಣಗಳೆಂದರೆ ನಾಳದಿಂದ ಹೊರಬಂದ ಬಿಳಿ ರಕ್ತಕಣಗಳೇ. ಎರಡೂ ಒಂದೇ ರೀತಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ, ಎರಡೂ ಒಂದೇ! ಬೆನೆಟ್ ಎಡವಿದ್ದು ದಿಕ್ಕಿನಲ್ಲಿ. ಕೀವು ರಕ್ತಕ್ಕೆ ಹೋಗುವುದಲ್ಲ, ರಕ್ತದ್ದು ಕೀವಿಗೆ ಬರುವುದು. ವಿಚಿತ್ರವೆಂದರೆ, ಕೀವಿನ ಕಣ ಆಯಾ ಜಾಗದ ಅಂಗಾಂಶದಲ್ಲೇ ಹುಟ್ಟುತ್ತದೆಂದು ನಂಬಿದ್ದ ಗುರು ಫಿರ್ಕೋಗೂ ಶಿಷ್ಯನ ಕಪ್ಪೆ ಹೇಳಿದ್ದು ವಿರುದ್ಧವಾಗಿಯೇ ಇತ್ತು.

ಹೆಣದ ಕೋಣೆಯಿಂದ ಹಾಸಿಗೆಯ ಪಕ್ಕಕ್ಕೆ ರೋಗವನ್ನು ತಂದವರು ಲಂಡನ್ನಿನ ಹೆನ್ರಿ ಫುಲ್ಲರ್. 1846ರಲ್ಲಿ ಅವರು ಬದುಕಿದ್ದ ರೋಗಿಯ ರಕ್ತವನ್ನೇ ನೋಡಿ ಇದನ್ನು ಗುರುತಿಸಿದರು.

ಬಿಳಿಕಣ ಇಷ್ಟೊಂದು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಫಿರ್ಕೋ ಗುಲ್ಮದ್ದು ಒಂದು ಬಗೆ, ದುಗ್ಧಗ್ರಂಥಿಗಳದ್ದು ಇನ್ನೊಂದು ಬಗೆ ಎಂದು ರೋಗವನ್ನು ಎರಡಾಗಿ ವಿಂಗಡಿಸಿದ್ದರು. ಊದಿಕೊಂಡು ಕಣ್ಣಿಗೆ ಬೀಳುವುದು ಅವೇ ತಾನೆ. ಮೂಳೆಯ ಕಡೆಗೆ ಯಾರ ಗಮನವೂ ಹೋಗಿರಲಿಲ್ಲ. 1868ರಲ್ಲಿ ಕೋನಿಗ್ಸ್‌ಬರ್ಗಿನ ಅರ್ನ್‌ಸ್ಟ್ ನಾಯ್‌ಮನ್ ಮೂಳೆ ಹಿಂಡಿ ತೆಗೆದ ಮಜ್ಜೆಯಲ್ಲಿ ಬೀಜಕೇಂದ್ರವಿರುವ ಎಳೆಯ ಕೆಂಪು ಕಣಗಳನ್ನು ಕಂಡು, ರಕ್ತ ತಯಾರಾಗುವುದು ಇಲ್ಲಿ ಎಂದರು. ಇಟಲಿಯ ಬಿಟ್ಸೊಟ್ಸೆರೋ ಅದೇ ವರ್ಷ ತಮ್ಮಷ್ಟಕ್ಕೆ ಅದೇ ಮಾತಿಗೆ ಬಂದರು. ಬಹಳ ಮಂದಿ ನಂಬಲಿಲ್ಲ. ಎರಡು ವರ್ಷದ ನಂತರ ಲ್ಯುಕೇಮಿಯಾದಿಂದ ಸತ್ತ ರೋಗಿಯೊಬ್ಬರ ಮೂಳೆ ನಾಯ್‌ಮನ್ ಕೈಗೆ ಬಂತು. ಕೆಂಪಗಿರಬೇಕಾದ ಮಜ್ಜೆ ಕೊಳಕು ಹಸಿರುಹಳದಿಯಾಗಿತ್ತು. ಗುಲ್ಮ ರೋಗದ ತವರಲ್ಲ, ಮಜ್ಜೆ ತವರು. ಮಜ್ಜೆಗೆ ಗ್ರೀಕಿನಲ್ಲಿ ಮ್ಯುಎಲೋಸ್. ಹಾಗೆ ಬಂದದ್ದು ಮೈಲಾಯ್ಡ್ ಲ್ಯುಕೇಮಿಯಾದ ಮೈಲಾಯ್ಡ್.

ಇಷ್ಟಾದರೂ ಬಿಳಿಕಣಗಳೆಲ್ಲ ನೋಡುವವರ ಕಣ್ಣಿಗೆ ಹೆಚ್ಚು ಕಡಿಮೆ ಒಂದೇ ಥರ. ಅವುಗಳಿಗೆ ಬೇರೆ ಬೇರೆ ಮುಖ ಕೊಟ್ಟದ್ದು ಬಟ್ಟೆಗೆ ಹಾಕುವ ಬಣ್ಣ. ಜರ್ಮನಿಯ ಕಾರ್ಖಾನೆಗಳು ಟಾರಿನಿಂದ ಹೊಸ ಹೊಸ ಬಣ್ಣ ಹೊರಡಿಸುತ್ತಿದ್ದ ಕಾಲ. ಅವು ಅಂಗಾಂಶಕ್ಕೆ ಹೇಗೆ ಹಿಡಿಯುತ್ತವೆ ಎಂಬುದೇ 1878ರಲ್ಲಿ ಪೌಲ್ ಏರ್ಲಿಖ್ ಬರೆದ ಪದವಿ ಪ್ರಬಂಧದ ವಿಷಯ. ಗಾಜಿನ ಮೇಲೆ ರಕ್ತವನ್ನು ತೆಳ್ಳಗೆ ಹರಡಿ, ಬಿಸಿ ಮಾಡಿ ಕೂರಿಸಿ, ಬಣ್ಣ ಹಾಕಿದರು. ಕೆಲವು ಕಣಗಳ ಒಳಗಿನ ಹರಳುಗಳು ಇಯೋಸಿನ್ ಎಂಬ ಗುಲಾಬಿ ಬಣ್ಣವನ್ನು ಗಬಕ್ಕನೆ ಹೀರಿದವು, ಕೆಲವು ನೀಲಿಯನ್ನು, ಕೆಲವು ಎರಡರ ನಡುವಿನದನ್ನು. ಇಯೋಸಿನೋಫಿಲ್, ಬೇಸೋಫಿಲ್, ನ್ಯೂಟ್ರೋಫಿಲ್. ಇಯೋಸ್ ಗ್ರೀಕರ ಉಷಾದೇವಿ, ಫಿಲೋಸ್ ಪ್ರೀತಿ. ಹಿಮೋಫೀಲಿಯಾದಲ್ಲಿ ಅಪದ್ಧವಾಗಿದ್ದ ಪ್ರೀತಿ ಇಲ್ಲಿ ಸರಿಹೊಂದಿದೆ. ಈ ಕಣಕ್ಕೆ ಆ ಬಣ್ಣ ನಿಜಕ್ಕೂ ಪ್ರಿಯ. ನಮ್ಮ ಊರುಗಳ ಲ್ಯಾಬುಗಳಲ್ಲಿ ಇಂದಿಗೂ ಬಳಸುವ ಲೀಶ್‌ಮನ್ ಬಣ್ಣದಲ್ಲೂ ಅದೇ ಇಯೋಸಿನ್ ಇದೆ.

ಈ ಪದಗಳಲ್ಲಿ ಒಂದು ಕನ್ನಡಿಗರ ಮನೆಮಾತೇ ಆಗಿಹೋಗಿದೆ. ಬೆಳಗೆದ್ದರೆ ಸಾಲು ಸೀನು, ರಾತ್ರಿ ಗೂರಲು ಕೆಮ್ಮು ಇದ್ದವರನ್ನು ಕೇಳಿದರೆ, ನನಗೆ ಇಸ್ನೋಫೀಲಿಯಾ ಇದೆ ಎನ್ನುತ್ತಾರೆ. ಏರ್ಲಿಖ್‌ರ ಗುಲಾಬಿ ಕಣ ಲೆಕ್ಕಕ್ಕಿಂತ ಹೆಚ್ಚಾಗಿರುವುದು ಎಂದಷ್ಟೇ ಅದರ ಅರ್ಥ. ಅದೊಂದು ರೋಗವಲ್ಲ, ಅಲರ್ಜಿಯೋ ಹೊಟ್ಟೆಹುಳವೋ ಆನೆಕಾಲು ಹುಳವೋ ಇರಬಹುದೆಂಬ ಸೂಚನೆ. ಆನೆಕಾಲು ಹುಳದಿಂದ ಬರುವ ಕೆಮ್ಮಿಗೆ ವೈದ್ಯರು ಬರೆಯುತ್ತಿದ್ದದ್ದು ಹೆಟ್ರಜಾನ್ ಮಾತ್ರೆ. ಕಲಬುರಗಿಯ ಕಡೆ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ನುಂಗಿಸಿದ ಡಿಇಸಿ ಮಾತ್ರೆಯೂ ಅದೇ. ಅದು ಹುಟ್ಟಿದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ, ಭೀಮಾವರದಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯ ಕಲಿತ ಎಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ.

ಲ್ಯುಕೇಮಿಯಾದ ಕತೆಗೆ ಸುಬ್ಬರಾವ್ ಬರುವುದೂ ಅದೇ ಪ್ರಯೋಗಾಲಯದಿಂದ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ಫೋಲಿಕ್ ಆಮ್ಲ ಲ್ಯುಕೇಮಿಯಾದ ಕಣಗಳನ್ನು ಬೆಳೆಸುವಂತೆ ಕಂಡದ್ದರಿಂದ, ಅದಕ್ಕೆ ಅಡ್ಡಗಾಲು ಹಾಕುವ ವಸ್ತು ಬೇಕೆಂದು ಹುಡುಕುತ್ತಿದ್ದರು. ಲೆಡರ್ಲಿಯವರು ಅಮಿನಾಪ್ಟರಿನ್ ಕಳಿಸಿದರು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ ಔಷಧ ಪಡೆದ 16 ಮಕ್ಕಳಿದ್ದರು. ಹತ್ತು ಮಕ್ಕಳಲ್ಲಿ ರೋಗ ಹಿಂದೆ ಸರಿದಿತ್ತು. ಕೆಲವು ತಿಂಗಳಷ್ಟೇ, ಮತ್ತೆ ಮರುಕಳಿಸಿತು. ಅದಕ್ಕೆ ಮುಂಚೆ ಆ ಕೆಲವು ತಿಂಗಳೂ ಇರಲಿಲ್ಲ. ಸುಬ್ಬರಾವ್ ಅದೇ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ ಕಾಲವಾದರು.

ಮೂರು ಕಿಲೋ ಗುಲ್ಮ ಬೆಳೆಸುವ ನಿಧಾನದ ಬಗೆ, ದೀರ್ಘಕಾಲೀನ ಮೈಲಾಯ್ಡ್ ಲ್ಯುಕೇಮಿಯಾ, ತನ್ನ ಕಾರಣವನ್ನು ಬಿಟ್ಟುಕೊಟ್ಟದ್ದು ಇನ್ನೂ ತಡವಾಗಿ. 1960ರಲ್ಲಿ ಫಿಲಡೆಲ್ಫಿಯಾದ ನೋವೆಲ್ ಮತ್ತು ಹಂಗರ್‌ಫೋರ್ಡ್ ಈ ರೋಗಿಗಳ ಕಣಗಳಲ್ಲಿ ತೀರಾ ಗಿಡ್ಡವಾದ ಒಂದು ಕ್ರೋಮೋಸೋಮ್ ಕಂಡರು. ಅದಕ್ಕೆ ಊರಿನ ಹೆಸರೇ ಬಿತ್ತು. ತುಂಡು ಕಳೆದುಹೋಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಷಿಕಾಗೋದ ಜಾನೆಟ್ ರೌಲಿ ಕ್ರೋಮೋಸೋಮುಗಳ ಫೋಟೋಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿ ಜೋಡಿಸಿ ನೋಡುತ್ತಿದ್ದವರು. 1973ರಲ್ಲಿ ಅವರು ತೋರಿಸಿಕೊಟ್ಟರು: ತುಂಡು ಕಳೆದಿಲ್ಲ, 22ನೆಯದರ ತುದಿ 9ನೆಯದಕ್ಕೆ ಅಂಟಿದೆ. ಆ ಅದಲುಬದಲಿನಲ್ಲಿ ಎರಡು ಜೀನುಗಳು ಬೆಸೆದುಕೊಂಡು, ಕಣಗಳಿಗೆ ವಿಭಜಿಸು ವಿಭಜಿಸು ಎಂದು ನಿಲ್ಲದೆ ಅಪ್ಪಣೆ ಕೊಡುವ ಪ್ರೋಟೀನು ಹುಟ್ಟುತ್ತದೆ. ಅದರ ಬಾಯಿ ಮುಚ್ಚಿಸುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಭಾರತದಲ್ಲಿ ಅದರ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಇಲ್ಲಿನ ಕಂಪನಿಗಳು ಅಗ್ಗದ ಮಾತ್ರೆ ಮಾಡುವುದಕ್ಕೆ ಅಡ್ಡಿಯಾಗಲಿಲ್ಲ.

ಆ ಮಾತ್ರೆ ನುಂಗುತ್ತ ಕೆಲಸಕ್ಕೆ ಹೋಗಿಬರುವವರು ಕೆಲವು ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆಯ ಹೆಸರು ಬಿಸಿಆರ್-ಎಬಿಎಲ್. ಬೆಸೆದುಕೊಂಡ ಆ ಎರಡು ಜೀನುಗಳ ಹೆಸರುಗಳು. ಎಬಿಎಲ್ ಎಂಬುದು ಏಬಲ್ಸನ್ ಎಂಬ ವಿಜ್ಞಾನಿಯ ಹೆಸರಿನ ತುಂಡು, ಗ್ರೀಕಿನ ಸೋಂಕಿಲ್ಲ. ವರದಿ ಬಂದಾಗ ಅವರು ಬಿಳಿಕಣದ ಎಣಿಕೆಯನ್ನು ಆಮೇಲೆ ನೋಡುತ್ತಾರೆ. ಬಿಸಿಆರ್-ಎಬಿಎಲ್ ಶೇಕಡಾ 0.1ಕ್ಕೆ ಇಳಿದಿದೆಯೇ ಎಂದು ಮೊದಲು ನೋಡುತ್ತಾರೆ.